ಆಫೀಸ್ ಕಾಪಿ

2898. ಈ ಸಂಖ್ಯೆಯನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

1777ರ ಡಿಸೆಂಬರ್ 23ರಂದು ಜಾರ್ಜ್ ವಾಷಿಂಗ್ಟನ್ ಬರೆದ ಒಂದು ಪತ್ರದಲ್ಲಿ ಅದು ಇದೆ. ಅಮೆರಿಕದವರು ಇಂಗ್ಲೆಂಡಿನ ಮೇಲೆ ಯುದ್ಧಕ್ಕೆ ನಿಂತ ಕಾಲ, ವಾಷಿಂಗ್ಟನ್ ಅವರ ಸೇನಾಪತಿ. ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್ ಎಂಬಲ್ಲಿ ಸೇನೆ ಚಳಿಗಾಲಕ್ಕೆ ಬಿಡಾರ ಹೂಡಿ ಇನ್ನೂ ನಾಲ್ಕೈದು ದಿನ ಆಗಿತ್ತು. ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಅಧ್ಯಕ್ಷ ಹೆನ್ರಿ ಲಾರೆನ್ಸ್‌ಗೆ ವಾಷಿಂಗ್ಟನ್ ಬರೆಯುತ್ತಾನೆ: ಕಾಲಿಗೆ ಬೂಟಿಲ್ಲದೆ, ಮೈಮೇಲೆ ಬಟ್ಟೆಯಿಲ್ಲದೆ, ಡ್ಯೂಟಿಗೆ ಬರಲಾಗದೆ ಬಿಡಾರದಲ್ಲಿ ಉಳಿದವರು 2898 ಜನ. ಹೀಗೇ ಬಿಟ್ಟರೆ ಈ ಸೇನೆ ಹಸಿವಿನಿಂದ ಸಾಯಬೇಕು, ಇಲ್ಲ ಕರಗಿಹೋಗಬೇಕು, ಇಲ್ಲ ಚದುರಿಹೋಗಬೇಕು ಅಂತಲೂ ಅದೇ ಪತ್ರದಲ್ಲಿದೆ. ಆ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನ್ನ ಕಣ್ಣು ಮಾತ್ರ ಸಂಖ್ಯೆಯ ಮೇಲೇ ನಿಂತಿತು. ಸುಮಾರು ಮೂರು ಸಾವಿರ ಅಂತ ಬರೆದಿದ್ದರೂ ನಡೀತಿತ್ತು, ಅಲ್ವಾ? ಹಾಗೆ ಬರೆಯಲಿಲ್ಲ. ಅಂದರೆ ಯಾರೋ ಎಣಿಸಿದ್ದಾರೆ. ಆ ಚಳಿಯಲ್ಲಿ ಒಂದೊಂದು ಕಂಪನಿಯಲ್ಲೂ ಒಬ್ಬ ಎದ್ದು, ಇವನಿಗೆ ಬೂಟಿಲ್ಲ, ಇವನಿಗೆ ಬಟ್ಟೆಯಿಲ್ಲ ಅಂತ ಗುರುತು ಹಾಕಿಕೊಂಡು, ಅದನ್ನು ರೆಜಿಮೆಂಟಿಗೆ ಕೊಟ್ಟು, ರೆಜಿಮೆಂಟಿನವರು ಮೇಲಕ್ಕೆ ಕಳಿಸಿ, ಕೊನೆಗೆ ಒಬ್ಬ ಕ್ಲರ್ಕ್ ಎಲ್ಲವನ್ನೂ ಕೂಡಿಸಿದಾಗ 2898 ಬಂದಿದೆ. ಆ ಕೊನೆಯ 98ರ ಹಿಂದೆ ಎಷ್ಟು ಜನರ ಬೆಳಗಿನ ಕೆಲಸ ಇದೆ ಅಂತ ನನಗೆ ಗೊತ್ತು.

ನಾನು ಸೇನೆಯಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದೆ. ಗೋಕಾಕ ಕಡೆಯ ಹಳ್ಳಿಯವನು, ಈಗ ಬೆಳಗಾವಿಯಲ್ಲಿ ಮನೆ. ದಿನಾ ಬೆಳಿಗ್ಗೆ ನನ್ನ ಮೊದಲ ಕೆಲಸ ಪರೇಡ್ ಸ್ಟೇಟ್. ಹಾಜರು ಎಷ್ಟು, ರಜೆ ಎಷ್ಟು, ಆಸ್ಪತ್ರೆಯಲ್ಲಿ ಎಷ್ಟು, ಬೇರೆ ಕಡೆ ಡ್ಯೂಟಿ ಮೇಲೆ ಹೋದವರು ಎಷ್ಟು, ಎಲ್ಲ ಕೂಡಿಸಿದರೆ ಒಟ್ಟು ಟ್ಯಾಲಿ ಆಗಬೇಕು. ಒಬ್ಬ ಕಡಿಮೆ ಬಂದರೆ ಆ ಒಬ್ಬ ಎಲ್ಲಿ ಅಂತ ಗೊತ್ತಾಗುವವರೆಗೆ ಚಹಾ ಕೂಡ ಇಲ್ಲ. ಲಂಗರಿನಲ್ಲಿ, ಅಂದರೆ ಸೇನೆಯ ಅಡುಗೆಮನೆಯಲ್ಲಿ, ರೊಟ್ಟಿ ಬೇಯುವುದು ಆ ಲೆಕ್ಕದ ಮೇಲೆ. ಅಂಕಿ ತಪ್ಪಿದರೆ ಒಬ್ಬನ ತಟ್ಟೆ ಖಾಲಿ. ಇನ್ನೂರು ವರ್ಷಕ್ಕೂ ಹಿಂದಿನ ಆ ಸೇನೆಯಲ್ಲಿ ಇದಕ್ಕೇ ‘ರಿಟರ್ನ್’ ಅಂತಿದ್ದರು. ಶಬ್ದ ಬೇರೆ, ಕೆಲಸ ಒಂದೇ.

ರಿಟೈರ್ ಆದ ಮೇಲೆ ಈ ಹಳೆಯ ಸೇನೆಯ ಕಾಗದಪತ್ರಗಳನ್ನು ಓದುವ ಹುಚ್ಚು ಹತ್ತಿತು. ಯುದ್ಧದ ಕಥೆ ಎಲ್ಲಾದರೂ ಸಿಗುತ್ತದೆ. ನನಗೆ ಬೇಕಿದ್ದದ್ದು ಆ ಯುದ್ಧದ ಆಫೀಸು ಹೇಗೆ ನಡೆಯಿತು ಅನ್ನುವುದು. ಬೂಟು ಯಾರು ಕೇಳಿದರು, ಯಾರು ಕೊಡಲಿಲ್ಲ, ಉತ್ತರ ಯಾವತ್ತು ಬಂತು.

ವಾಷಿಂಗ್ಟನ್ ಜೊತೆ ಕೆಲವು ಹುಡುಗರು ಬರೆಯುವ ಕೆಲಸಕ್ಕೇ ಇದ್ದರು. ಟೆಂಚ್ ಟಿಲ್ಗ್‌ಮನ್, ರಾಬರ್ಟ್ ಹ್ಯಾನ್ಸನ್ ಹ್ಯಾರಿಸನ್, ಮುಂದೆ ದೇಶದ ಮೊದಲ ಖಜಾನೆ ಮಂತ್ರಿಯಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಬಾತುಕೋಳಿ ಜಾತಿಯ ಹಕ್ಕಿಯ ಗರಿಯಿಂದ ಬರೆಯಬೇಕು. ಕಾರ್ಬನ್ ಇಲ್ಲ, ಝೆರಾಕ್ಸ್ ಇಲ್ಲ. ಮೊದಲು ಕರಡು, ಆಮೇಲೆ ಶುದ್ಧ ಪ್ರತಿ, ಆಮೇಲೆ ಇಟ್ಟುಕೊಳ್ಳಲು ಇನ್ನೊಂದು ಪ್ರತಿ, ಎಲ್ಲವೂ ಕೈಯಲ್ಲೇ. ಸಮುದ್ರ ದಾಟಬೇಕಾದ ಪತ್ರ ಆದರೆ ಎರಡು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು, ಒಂದು ಮುಳುಗಿದರೂ ಇನ್ನೊಂದು ತಲುಪಲಿ ಅಂತ. ನಾನು ಹೇಳಿದ್ದನ್ನು ಬರೆದರೆ ಸಾಲದು, ನನ್ನ ಪರವಾಗಿ ಯೋಚನೆ ಮಾಡುವವರೂ ಬೇಕು ಅಂತ ವಾಷಿಂಗ್ಟನ್ 1777ರಲ್ಲಿ ಒಂದು ಕಡೆ ಬರೆದಿದ್ದಾನೆ. ಆ ಮಾತು ಓದಿ ನನಗೆ ಖುಷಿಯಾಯಿತು. ಕ್ಲರ್ಕ್ ಅಂದರೆ ಕೈ ಮಾತ್ರ ಅಂದುಕೊಳ್ಳುವವರು ಇವತ್ತಿಗೂ ಇದ್ದಾರೆ.

1778ರ ಫೆಬ್ರವರಿಯಲ್ಲಿ ಅದೇ ವ್ಯಾಲಿ ಫೋರ್ಜಿಗೆ ಜರ್ಮನಿ ಕಡೆಯ ಪ್ರಶ್ಯಾ ಮೂಲದ ಫಾನ್ ಸ್ಟೂಬೆನ್ ಎಂಬ ಅಧಿಕಾರಿ ಬಂದ. ಅವನು ಸೇನೆಗೆ ಕವಾಯತು ಕಲಿಸಿದ ಅಂತ ಎಲ್ಲರಿಗೂ ಗೊತ್ತು. ಆದರೆ 1779ರಲ್ಲಿ ಅವನು ತಂದ ನಿಯಮಗಳ ಪುಸ್ತಕದಲ್ಲಿ ಕ್ಯಾಪ್ಟನ್ನಿಗೆ ಹೇಳಿದ ಒಂದು ಮಾತಿದೆ. ಕಂಪನಿಯ ಕ್ಯಾಪ್ಟನ್ ಒಂದು ಪುಸ್ತಕ ಇಡಬೇಕು. ಅದರಲ್ಲಿ ಒಬ್ಬೊಬ್ಬ ಸಿಪಾಯಿಯ ಹೆಸರು, ಅವನು ನೋಡಲು ಹೇಗಿದ್ದಾನೆ, ಮೊದಲು ಏನು ಕೆಲಸ ಮಾಡುತ್ತಿದ್ದ, ಹುಟ್ಟಿದ ಊರು, ಯಾವತ್ತು ಎಲ್ಲಿ ಎಷ್ಟು ಕಾಲಕ್ಕೆ ಸೇರಿದ, ಎಲ್ಲ ಇರಬೇಕು. ಕಳಿಸಿದ ರಿಟರ್ನ್‌ಗಳ ಪ್ರತಿ ಇರಬೇಕು. ಕಂಪನಿಯಲ್ಲಿ ಆಗುವ ಒಂದೊಂದು ‘ಕ್ಯಾಶುವಲ್ಟಿ’ಯೂ ಬರೆದಿರಬೇಕು.

ಕ್ಯಾಶುವಲ್ಟಿ! ಹೊರಗಿನವರಿಗೆ ಈ ಶಬ್ದ ಕೇಳಿದರೆ ಗಾಯ, ಸಾವು ನೆನಪಾಗುತ್ತದೆ. ನಮ್ಮ ಆಫೀಸ್ ಭಾಷೆಯಲ್ಲಿ ಸಿಪಾಯಿಯ ಜೀವನದಲ್ಲಿ ದಾಖಲು ಮಾಡಬೇಕಾದ ಏನೇ ನಡೆದರೂ ಕ್ಯಾಶುವಲ್ಟಿ. ಮದುವೆ ಆದರೂ ಕ್ಯಾಶುವಲ್ಟಿ, ಮಗು ಹುಟ್ಟಿದರೂ ಕ್ಯಾಶುವಲ್ಟಿ. ಅದನ್ನು ಯೂನಿಟ್ಟಿನ ಲಿಖಿತ ಆದೇಶವಾದ ಪಾರ್ಟ್ ಟೂ ಆರ್ಡರ್‌ನಲ್ಲಿ ಹೊರಡಿಸಬೇಕು, ಸಿಪಾಯಿಯ ಸೇವಾ ದಾಖಲೆಯಾದ ಶೀಟ್ ರೋಲ್‌ನಲ್ಲಿ ಏರಿಸಬೇಕು. ಅದು ಆಗದಿದ್ದರೆ ಸರ್ಕಾರದ ಕಣ್ಣಿಗೆ ಆ ಮದುವೆ ಆಗಿಲ್ಲ, ಆ ಮಗು ಹುಟ್ಟಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಆಮೇಲೆ ಹೇಳುತ್ತೇನೆ.

ಯುದ್ಧ ಇನ್ನೂ ಮುಗಿಯುವ ಮೊದಲೇ, 1781ರಲ್ಲಿ, ವಾಷಿಂಗ್ಟನ್ ತನ್ನ ಕಾಗದಗಳನ್ನೆಲ್ಲ ಪ್ರತಿ ಮಾಡಿಸಲು ರಿಚರ್ಡ್ ವೇರಿಕ್ ಎಂಬವನನ್ನು ನೇಮಿಸಿದ. ವೇರಿಕ್ ಒಂದಷ್ಟು ಕ್ಲರ್ಕ್‌ಗಳನ್ನು ಕೂರಿಸಿಕೊಂಡು ಎರಡು ವರ್ಷಕ್ಕೂ ಜಾಸ್ತಿ ಬರೆಸಿದ. 44 ಸಂಪುಟ ಆಯಿತು. ಗೆರೆಗಳ ನಡುವೆ ಒಂದೇ ಅಂತರ ಇರಬೇಕು, ಎಲ್ಲ ಪುಸ್ತಕಕ್ಕೂ ಒಂದೇ ಅಳತೆಯ ಅಂಚು ಬಿಡಬೇಕು, ಹುಡುಕುವವರಿಗೆ ತೊಂದರೆ ಆಗದ ಹಾಗೆ ಸೂಚಿ ಮಾಡಬೇಕು ಅಂತ ವಾಷಿಂಗ್ಟನ್ನೇ ಹೇಳಿದ್ದ. ಒಂದು ಕಡೆ ಯುದ್ಧದ ತಯಾರಿ, ಇನ್ನೊಂದು ಕಡೆ ಅಂಚು ಎಷ್ಟು ಬಿಡಬೇಕು ಅನ್ನುವ ಯೋಚನೆ. ನನಗೆ ಎರಡೂ ಒಂದೇ ತೂಕದ ಕೆಲಸ ಅನಿಸುತ್ತದೆ. ಆ 44 ಸಂಪುಟ ಉಳಿದಿವೆ.

ಉಳಿಯದೇ ಹೋದದ್ದು ಅದರ ಮುಂದಿನ ಕಾಲದ ಕಾಗದ.

ಯುದ್ಧ ಮುಗಿದ ಮೇಲೆ ಆ ದೇಶಕ್ಕೆ ಸೇನೆಯೇ ಬೇಡ ಅನಿಸಿಬಿಟ್ಟಿತ್ತು. 1784ರ ಜೂನ್‌ನಲ್ಲಿ ಕಾಂಗ್ರೆಸ್ 80 ಸಿಪಾಯಿಗಳನ್ನು ಮಾತ್ರ ಉಳಿಸಿಕೊಳ್ಳಿ ಅಂದಿತು. ಮದ್ದುಗುಂಡು ಸಾಮಾನು ಕಾಯಲು ಫೋರ್ಟ್ ಪಿಟ್‌ನಲ್ಲಿ 25, ವೆಸ್ಟ್ ಪಾಯಿಂಟ್‌ನಲ್ಲಿ 55. ನಮ್ಮ ಒಂದು ಕಂಪನಿಗಿಂತ ಕಡಿಮೆ. ಆಮೇಲೆ ನಿಧಾನಕ್ಕೆ ಬೆಳೆಯಿತು. ಹೆನ್ರಿ ನಾಕ್ಸ್ 1785ರಿಂದ 1794ರ ಕೊನೆಯವರೆಗೆ ಯುದ್ಧ ಇಲಾಖೆ ನೋಡಿಕೊಂಡ. ಸೇನೆ ಚಿಕ್ಕದು, ಇಲಾಖೆಯ ಕೆಲಸ ಮಾತ್ರ ದೊಡ್ಡದು: ಸಂಬಳ, ರೇಶನ್, ಕೋಟೆಗಳು, ಗಾಯಾಳುಗಳ ಪೆನ್ಶನ್, 1798ರವರೆಗೆ ನೌಕಾಪಡೆ ಕೂಡ. ಅಲ್ಲಿನ ಮೂಲನಿವಾಸಿ ಜನಾಂಗಗಳ ಜೊತೆಗಿನ ವ್ಯವಹಾರವೂ ಇದೇ ಇಲಾಖೆಯದು. ಅವರ ಹಿರಿಯರು ಸಭೆಯಲ್ಲಿ ಆಡಿದ ಮಾತು, ಅವರಿಗೆ ಕೊಟ್ಟ ವಚನ, ಗಡಿ ಇಲ್ಲಿಂದ ಇಲ್ಲಿಗೆ ಅಂತ ಒಪ್ಪಿದ್ದು, ಎಲ್ಲ ಈ ಕಪಾಟುಗಳಿಗೇ ಬರುತ್ತಿತ್ತು.

1791ರ ನವೆಂಬರ್ 4ರಂದು ಆ ಜನಾಂಗಗಳ ಕೈಯಲ್ಲಿ ಜನರಲ್ ಸೇಂಟ್ ಕ್ಲೇರ್‌ನ ಪಡೆ ಸೋತು 600ಕ್ಕೂ ಹೆಚ್ಚು ಜನ ಸತ್ತರು. ಅವನು ನಾಕ್ಸ್‌ಗೆ ಪತ್ರ ಬರೆದದ್ದು 9ನೇ ತಾರೀಖು, ಅದು ಫಿಲಡೆಲ್ಫಿಯಾ ತಲುಪುವ ಹೊತ್ತಿಗೆ ಡಿಸೆಂಬರ್. ಅಲ್ಲಿಯವರೆಗೆ ಸತ್ತವರ ಹೆಸರೆಲ್ಲ ರಾಜಧಾನಿಯ ಪಟ್ಟಿಯಲ್ಲಿ ಬದುಕೇ ಇದ್ದವು. ಸೋತದ್ದು ಯಾಕೆ ಅಂತ 1792ರಲ್ಲಿ ಸಂಸತ್ತು ವಿಚಾರಣೆ ಮಾಡಿತು. ಆ ಸಂಸತ್ತಿನ ಮೊಟ್ಟಮೊದಲ ಅಂಥ ವಿಚಾರಣೆ ಅದು. ಮೊದಲು ಕೇಳಿದ್ದು ಏನು? ಕಾಗದ. ಗುತ್ತಿಗೆದಾರ ಏನು ಕಳಿಸಿದ, ಸೇನೆಯ ಸಾಮಾನು ನೋಡಿಕೊಳ್ಳುವ ಕ್ವಾರ್ಟರ್‌ಮಾಸ್ಟರ್ ಯಾವತ್ತು ಹೊರಟ, ಸಾಮಾನು ಎಂಥದಿತ್ತು. ಕೊಡಬೇಕೋ ಬೇಡವೋ ಅಂತ ಅಧ್ಯಕ್ಷ ವಾಷಿಂಗ್ಟನ್ ಮಂತ್ರಿಗಳನ್ನು ಕೂರಿಸಿಕೊಂಡು ಚರ್ಚೆ ಮಾಡಿ, ಕೊನೆಗೆ ಕೊಟ್ಟ.

ಹೀಗೆ ಹದಿನಾರು ವರ್ಷ ಸೇರಿದ ಕಾಗದ 1800ರ ನವೆಂಬರ್ 8ರ ರಾತ್ರಿ ಸುಟ್ಟುಹೋಯಿತು. ಅದೇ ವರ್ಷ ರಾಜಧಾನಿ ಫಿಲಡೆಲ್ಫಿಯಾದಿಂದ ವಾಷಿಂಗ್ಟನ್ ಊರಿಗೆ ಬಂದಿತ್ತು, ಕಪಾಟುಗಳು ಬಂದು ಕೆಲವೇ ತಿಂಗಳಾಗಿತ್ತು. ನನ್ನ ಆಫೀಸಿನ ಕಾಗದವೆಲ್ಲ ನಾಶ ಆಯಿತು ಅಂತ ಆಗಿನ ಯುದ್ಧ ಮಂತ್ರಿ ಸ್ಯಾಮ್ಯುಯೆಲ್ ಡೆಕ್ಸ್‌ಟರ್ ಎರಡು ವಾರದ ಮೇಲೆ ಒಂದು ಪತ್ರದಲ್ಲಿ ಬರೆದ. ಮುಂದಿನ ಎರಡು ಶತಮಾನ ಆ ಇಲಾಖೆಯ ದಾಖಲೆ ಸುರುವಾಗುತ್ತಿದ್ದದ್ದೇ ಆ ಪತ್ರದಿಂದ.

ನಾನು ಇಲ್ಲಿ ಓದು ನಿಲ್ಲಿಸಿ ರಾತ್ರಿ ತುಂಬ ಹೊತ್ತು ನಿದ್ದೆ ಇಲ್ಲದೆ ಬಿದ್ದುಕೊಂಡಿದ್ದೆ. ಒಮ್ಮೆ ನಮ್ಮ ಆಫೀಸಿನ ಒಂದು ಕೋಣೆಗೆ ಮಳೆನೀರು ನುಗ್ಗಿ ಮೂರು ಕಟ್ಟು ಫೈಲು ಹಾಳಾಗಿತ್ತು. ಅಷ್ಟಕ್ಕೇ ಎರಡು ವರ್ಷ ಒದ್ದಾಡಿದ್ದೇವೆ. ಇಡೀ ಇಲಾಖೆ ಹೋದರೆ?

ಹೋದದ್ದರ ಭಾರ ಬಿದ್ದದ್ದು ಮಂತ್ರಿಗಳ ಮೇಲಲ್ಲ. 1818ರಲ್ಲಿ, ಯುದ್ಧ ಮಾಡಿದ ಬಡ ಸಿಪಾಯಿಗಳಿಗೆ ಪೆನ್ಶನ್ ಕೊಡುವ ಕಾನೂನು ಬಂತು. ಅರ್ಜಿ ಎಷ್ಟು ಬಂದವು ಅಂದರೆ, 1820ರಲ್ಲಿ ನಿಯಮ ಬಿಗಿ ಮಾಡಿ, ಮನೆಯಲ್ಲಿ ಏನೇನಿದೆ ಅಂತ ಆಸ್ತಿಯ ಪಟ್ಟಿ ಕೊಡಿ ಅಂದರು. 1832ರಲ್ಲಿ ಬಡತನ ತೋರಿಸಬೇಕಿಲ್ಲ, ಸೇವೆ ಮಾಡಿದ್ದರೆ ಸಾಕು ಅಂತಾಯಿತು. ಆದರೆ ಸೇವೆ ಮಾಡಿದ್ದಕ್ಕೆ ಪುರಾವೆ ಎಲ್ಲಿ? ಇಲಾಖೆಯಲ್ಲಿದ್ದ ಯುದ್ಧಕಾಲದ ಕಾಗದವೂ ಆ ಬೆಂಕಿಯಲ್ಲಿ ಸುಟ್ಟಿದೆ, ಎಷ್ಟೋ ಜನರ ಹೆಸರು ಯಾವ ಪಟ್ಟಿಯಲ್ಲೂ ಸಿಗುತ್ತಿಲ್ಲ. ಎಪ್ಪತ್ತು, ಎಂಬತ್ತು ವರ್ಷದ ಮುದುಕರು ಕೋರ್ಟಿಗೆ ಹೋಗಿ, ಪ್ರಮಾಣ ಮಾಡಿ, ನಾನು ಇಂಥ ಕ್ಯಾಪ್ಟನ್ ಕೈಕೆಳಗೆ ಇದ್ದೆ, ಇಂಥ ಊರಿಂದ ಇಂಥ ಊರಿಗೆ ನಡೆದೆ, ಇಂಥ ಕಡೆ ಗುಂಡು ತಗಲಿತು ಅಂತ ಐವತ್ತು ವರ್ಷದ ಹಿಂದಿನದನ್ನು ಬಾಯಿಂದ ಹೇಳಿದರು. ವಿಧವೆಯರು ಮದುವೆ ಆದದ್ದಕ್ಕೆ ಸಾಕ್ಷಿಯಾಗಿ ಮನೆಯ ಬೈಬಲ್ಲಿನಿಂದ ಹುಟ್ಟು-ಮದುವೆ ಬರೆದಿಟ್ಟ ಹಾಳೆಯನ್ನೇ ಹರಿದು ಕೊಟ್ಟರು. ಆ ಹಾಳೆಗಳು ಇವತ್ತಿಗೂ ಪೆನ್ಶನ್ ಫೈಲುಗಳಲ್ಲಿವೆ. ಒಟ್ಟು ಸುಮಾರು 80,000 ಫೈಲು. ದೇವರ ಪುಸ್ತಕದ ಹಾಳೆ ಹರಿಯುವಾಗ ಆ ಹೆಂಗಸಿಗೆ ಏನನಿಸಿರಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ.

ಕಾಗದ ಇದ್ದೂ ಮನುಷ್ಯ ಸೋತ ಕಥೆಯೂ ಇದೆ. ಅಮೆರಿಕ ಖಂಡದ ಪಶ್ಚಿಮ ತುದಿಯವರೆಗೆ ಹೋಗಿ 1806ರಲ್ಲಿ ವಾಪಸು ಬಂದ ಕ್ಯಾಪ್ಟನ್ ಮೆರಿವೆದರ್ ಲೂಯಿಸ್ ಮುಂದೆ ಲೂಯಿಸಿಯಾನಾ ಪ್ರಾಂತ್ಯದ ಗವರ್ನರ್ ಆದ. 1809ರ ಜುಲೈನಲ್ಲಿ ಯುದ್ಧ ಮಂತ್ರಿ ವಿಲಿಯಂ ಯೂಸ್ಟಿಸ್ ಅವನಿಗೆ ಪತ್ರ ಬರೆದ: ನೀನು ಸರ್ಕಾರದ ಹೆಸರಲ್ಲಿ ಬರೆದ 500 ಡಾಲರಿನ ಬಿಲ್ಲು ಪಾಸಾಗುವುದಿಲ್ಲ. ಆ ಸುದ್ದಿ ಹರಡಿದ್ದೇ ತಡ, ಸಾಲ ಕೊಟ್ಟವರೆಲ್ಲ ಅವನ ಬಾಗಿಲಿಗೆ ಬಂದರು. ಲೆಕ್ಕ ಸರಿ ಮಾಡಿಸುತ್ತೇನೆ ಅಂತ ಕಾಗದಗಳ ಪೆಟ್ಟಿಗೆ ಹೊತ್ತುಕೊಂಡು ರಾಜಧಾನಿಗೆ ಹೊರಟವನು, ಅಕ್ಟೋಬರ್ 11ರಂದು ಟೆನೆಸ್ಸಿಯ ಕಾಡುದಾರಿಯ ಒಂದು ತಂಗುಮನೆಯಲ್ಲಿ ಗುಂಡೇಟಿನಿಂದ ಸತ್ತ. ಆಕ್ಷೇಪಣೆ ಬರೆಯುವ ಕೈಗೆ ಎದುರಿನ ಮನುಷ್ಯ ಕಾಣಿಸಬೇಕು. ನಾನೂ ಬಿಲ್ಲುಗಳನ್ನು ವಾಪಸು ಕಳಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಪತ್ರ ನಂಬದೇ ಹೋದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ದತ್ತು ತೆಗೆದುಕೊಂಡ ವಿಷಯದ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಹೋಯಿತು, ಅವನು ಆ ಸಹಿಯನ್ನೇ ನಂಬಲಿಲ್ಲ. ಮುಂದೆ ಆದದ್ದು ಎಲ್ಲರಿಗೂ ಗೊತ್ತು.

ಈಗ ನಮ್ಮ ಓಣಿಯ ಕಾಕೂ ವಿಷಯ. ಅವರ ಯಜಮಾನರು ಸೇನೆಯಲ್ಲಿದ್ದವರು, ಹೋದ ವರ್ಷ ತೀರಿಕೊಂಡರು. ಒಂದು ದಿನ ಬೆಳಿಗ್ಗೆ ಕಾಗದ ತುಂಬಿದ ಚೀಲ ಹಿಡಿದು ಬಂದರು.

"ತಮ್ಮಾ, ಆಫೀಸಿನಾಗ ನನ್ನ ಹೆಸರ ಇಲ್ಲಂತ. ನಲವತ್ತ ವರ್ಷ ಸಂಸಾರ ಮಾಡೇನಿ, ಈಗ ನೀ ಯಾರು ಅಂತ ಕೇಳ್ತಾರ."

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹುಡುಗಿಗೆ ಹೊಸ ಹೆಸರು ಇಡುತ್ತಾರೆ. ಸೇವೆಯ ದಾಖಲೆಯಲ್ಲಿ ಕಾಕೂದು ತವರುಮನೆ ಹೆಸರು. ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಶನ್ ಕಾರ್ಡ್ ಎಲ್ಲದರಲ್ಲೂ ಗಂಡನ ಮನೆ ಹೆಸರು. ಹೆಸರು ಸರಿ ಮಾಡಿಸಿದ್ದೇನೆ ಅಂತ ಯಜಮಾನರು ಹೇಳುತ್ತಿದ್ದದ್ದು ಅವರಿಗೆ ನೆನಪಿದೆ. ಕಚೇರಿಯವರು ಅಂಥ ಕಾಗದ ಯಾವುದೂ ಇಲ್ಲ ಅಂದರು. ಹುಡುಕಿಯೇ ಹೇಳಿದರೋ, ನೋಡದೇ ಹೇಳಿದರೋ, ಎರಡು ಸಾಲಿನ ಉತ್ತರದಲ್ಲಿ ತಿಳಿಯುವುದಿಲ್ಲ. ನನಗೆ ಸಿಟ್ಟು ಬಂತು. ಅಫಿಡವಿಟ್ ಮಾಡಿಸಿ ಕಳಿಸಿದೆವು, ಮತ್ತೆ ಅದೇ ಉತ್ತರ.

ಆ ದಿನಗಳಲ್ಲೇ ನಾನು ಓದುತ್ತಿದ್ದದ್ದು, ಸುಟ್ಟುಹೋದ ಯುದ್ಧ ಇಲಾಖೆಯ ಕಾಗದಗಳನ್ನು ಮತ್ತೆ ಹೇಗೆ ಕೂಡಿಹಾಕಿದರು ಅನ್ನುವ ವಿಷಯ. ಥಿಯೋಡರ್ ಕ್ರ್ಯಾಕೆಲ್ ಎಂಬ ಇತಿಹಾಸಕಾರ 1990ರ ದಶಕದಲ್ಲಿ ಈ ಕೆಲಸ ಹಿಡಿದ. ಅವನ ಲೆಕ್ಕಾಚಾರ ಸರಳ. ಇಲಾಖೆ ಬರೆದ ಪತ್ರದ ಆಫೀಸ್ ಕಾಪಿ ಸುಟ್ಟಿರಬಹುದು, ಆದರೆ ಪತ್ರ ಯಾರಿಗೆ ಹೋಯಿತೋ ಅವರ ಹತ್ತಿರ ಮೂಲ ಇರಬೇಕು. ಇಲಾಖೆಗೆ ಬಂದ ಪತ್ರ ಸುಟ್ಟಿರಬಹುದು, ಆದರೆ ಬರೆದವರು ತಮ್ಮ ಹತ್ತಿರ ಒಂದು ಪ್ರತಿ ಇಟ್ಟುಕೊಂಡಿರಬೇಕು. 200ಕ್ಕೂ ಹೆಚ್ಚು ಗ್ರಂಥಾಲಯ, ದಾಖಲೆ ಮನೆಗಳಲ್ಲಿ ಹುಡುಕಿದರು. ಅಮೆರಿಕದಲ್ಲಿ ಮಾತ್ರ ಅಲ್ಲ, ಕೆನಡಾ, ಇಂಗ್ಲೆಂಡ್, ಫ್ರಾನ್ಸ್‌ನಲ್ಲೂ. 40,000ಕ್ಕೂ ಜಾಸ್ತಿ ಕಾಗದ ಸಿಕ್ಕಿತು! ಆಮೇಲೆ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದವರು ಅದನ್ನು ಮುಂದುವರಿಸಿದರು. ಆ ಹಳೆಯ ಕೈಬರಹ ಓದಿ ಟೈಪ್ ಮಾಡಲು ಸಾಮಾನ್ಯ ಜನರೂ ಕೈಜೋಡಿಸಿದ್ದಾರೆ.

ಅಂದರೆ ಆಫೀಸಿನಲ್ಲಿ ಇಲ್ಲದ್ದು ಪತ್ರ ಬಂದವರ ಮನೆಯಲ್ಲಿರುತ್ತದೆ. ಇದು ತಲೆಗೆ ಬಂದ ಸಂಜೆಯೇ ಕಾಕೂ ಮನೆಗೆ ಹೋದೆ.

"ಕಾಕೂ, ಕಾಕಾ ಮನಿಗೆ ಬರದ ಪತ್ರ ಏನರ ಅದಾವೇನ್ರಿ?"

"ಟ್ರಂಕಿನಾಗ ಅದಾವ ನೋಡ. ನಮ್ಮ ಮಾವ ಒಂದೂ ಒಗದಿಲ್ಲ."

ಹೆಸರು, ನಂಬರು ಬಿಳಿ ಬಣ್ಣದಲ್ಲಿ ಬರೆದ ಕಪ್ಪು ಟ್ರಂಕು. ಒಳಗೆ ಇನ್‌ಲ್ಯಾಂಡ್ ಪತ್ರಗಳ ಕಟ್ಟು, ವರ್ಷದ ಪ್ರಕಾರ ದಾರ ಕಟ್ಟಿದ್ದು. ಶಾಲೆ ನಾಲ್ಕು ಕ್ಲಾಸು ಓದಿದ ಆ ಮಾವನವರಿಗೆ ನಾನು ಮನಸ್ಸಿನಲ್ಲೇ ಸಲ್ಯೂಟ್ ಹೊಡೆದೆ. ಮೂರು ಸಂಜೆ ಓದಿದೆವು. 1981ರ ಕಟ್ಟಿನಲ್ಲಿ ಸಿಕ್ಕಿತು. "ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು" ಅಂತ ಸುರು ಮಾಡಿ, ಮಳೆ ಹೇಗಿದೆ, ಎತ್ತಿನ ಕಾಲು ವಾಸಿ ಆಯಿತೇ ಅಂತ ಕೇಳಿ, ಕೆಳಗೆ ಬರೆದಿದ್ದಾರೆ: ನಿಮ್ಮ ಸೊಸೆಯ ಹೆಸರು ಸರಿ ಮಾಡಿಸಿದ್ದೇನೆ, ಪಾರ್ಟ್ ಟೂ ಆರ್ಡರ್ ಬಂದಿದೆ. ಮುಂದೆ ನಂಬರು, ತಾರೀಖು. ಜೋಪಾನವಾಗಿ ಇಡಬೇಕು.

ನಂಬರು, ತಾರೀಖು ಇದ್ದರೆ ಸಾಕು. ಇಲ್ಲ ಅನ್ನುವುದು ಕಷ್ಟ, ಆ ವರ್ಷದ ಕಟ್ಟು ತೆಗೆದು ನೋಡಲೇಬೇಕು. ಹೊಸ ಅರ್ಜಿ ಬರೆದು, ಝೆರಾಕ್ಸ್ ಇಟ್ಟು, ಸ್ಪೀಡ್ ಪೋಸ್ಟ್ ಮಾಡಿದೆವು. ತಲುಪಿದೆ, ಪರಿಶೀಲನೆಯಲ್ಲಿದೆ ಅಂತ ಈ ಸಲ ಉತ್ತರ ಬಂದಿದೆ. ತಿಂಗಳು ನೋಡಿ ರಿಮೈಂಡರ್ ಹಾಕುತ್ತೇನೆ.

ಈ ಗಡಿಬಿಡಿಯಲ್ಲಿ ಸ್ಟೀಫನ್ ಪ್ಲೆಸಂಟನ್ ಎಂಬ ಕ್ಲರ್ಕ್ ತುಂಬ ನೆನಪಾದ. 1814ರ ಆಗಸ್ಟ್‌ನಲ್ಲಿ ಇಂಗ್ಲಿಷರು ವಾಷಿಂಗ್ಟನ್ ಊರು ಸುಡಲು ಬರುತ್ತಿದ್ದಾಗ, ವಿದೇಶಾಂಗ ಇಲಾಖೆಯ ಈ ಮನುಷ್ಯ ದಪ್ಪ ಬಟ್ಟೆ ತಂದು ಚೀಲ ಹೊಲಿಸಿ ಕಾಗದ ತುಂಬುತ್ತಿದ್ದ. ಯುದ್ಧ ಮಂತ್ರಿ ಆರ್ಮ್‌ಸ್ಟ್ರಾಂಗ್ ಆ ದಾರಿಯಲ್ಲಿ ಬಂದವನು, ಇಷ್ಟು ಹೆದರುವ ಅಗತ್ಯ ಇಲ್ಲ ಅಂದ. ಪ್ಲೆಸಂಟನ್ ಕೇಳಲಿಲ್ಲ. ಬಂಡಿಯಲ್ಲಿ ಹೇರಿ ನದಿ ದಾಟಿಸಿ, ಲೀಸ್‌ಬರ್ಗ್ ಊರಿಗೆ ಮುಟ್ಟಿಸಿದ. ಆ ಚೀಲಗಳಲ್ಲಿ ಸ್ವಾತಂತ್ರ್ಯ ಘೋಷಣೆಯ ಮೂಲ ಪ್ರತಿಯೇ ಇತ್ತು. ವಾಷಿಂಗ್ಟನ್ ಯುದ್ಧ ಮುಗಿಸಿ ಕಾಂಗ್ರೆಸ್ಸಿಗೆ ವಾಪಸು ಕೊಟ್ಟ ನೇಮಕದ ಪತ್ರವೂ ಇತ್ತು.

ಕಾಕೂಗೆ ಇದನ್ನು ಹೇಳಿದೆ. ಕೇಳಿ, ಆ 1981ರ ಪತ್ರವನ್ನು ಇನ್ನೊಮ್ಮೆ ಪೂರ್ತಿ ಓದು ಅಂದರು. ಆಗ ಮಾವನವರು ಗಂಡಸರ ಮುಂದೆ ಓದುತ್ತಿದ್ದರಂತೆ, ಇವರಿಗೆ ಅಡುಗೆಮನೆಯಲ್ಲಿ ಅರ್ಧ ಮಾತ್ರ ಕೇಳಿಸುತ್ತಿತ್ತು. ಎತ್ತಿನಿಂದ ಹಿಡಿದು ಸಹಿಯವರೆಗೆ ಓದಿದೆ. ಈಗ ಮೂಲ ಟ್ರಂಕಿನಲ್ಲಿದೆ. ಒಂದು ಝೆರಾಕ್ಸ್ ನನ್ನ ಫೈಲಿನಲ್ಲಿ, ಒಂದು ಬಾಗಲಕೋಟೆಯಲ್ಲಿ ಅವರ ಮಗಳ ಮನೆಯಲ್ಲಿ. ಇನ್ನೊಂದನ್ನು ಕಾಕೂ ದೇವರ ಜಗುಲಿಯ ಹತ್ತಿರ ಇಟ್ಟುಕೊಂಡಿದ್ದಾರೆ.